ಜಂಬದ ಚೀಲ ಮಾರುವ ಹೊತ್ತು

2025ರ ಜುಲೈ 10ರಂದು ಪ್ಯಾರಿಸ್ಸಿನ ಸೋದಬೀಸ್ ಹರಾಜು ಸಂಸ್ಥೆಯಲ್ಲಿ ಒಂದು ಹಳೆಯ ಕರಿ ಚರ್ಮದ ಕೈಚೀಲ ಮಾರಾಟಕ್ಕೆ ಬಂತು. ಬಳಸಿ ಬಳಸಿ ಅದರ ಚರ್ಮ ಸವೆದಿತ್ತು. ಯಾವ ಕಾಲದಲ್ಲೋ ಅಂಟಿಸಿ ಕಿತ್ತ ಸ್ಟಿಕ್ಕರುಗಳ ಕಲೆ ಮೈಮೇಲೆ ಹಾಗೆಯೇ ಉಳಿದಿತ್ತು. ಹಿಡಿಯಿಂದ ಒಂದು ಉಗುರು ಕತ್ತರಿ ನೇತಾಡುತ್ತಿತ್ತು. 10 ಲಕ್ಷ ಯೂರೋಗೆ ಶುರುವಾದ ಸವಾಲು ಹತ್ತು ನಿಮಿಷಗಳ ಆಸುಪಾಸಿನಲ್ಲಿ 70 ಲಕ್ಷಕ್ಕೆ ಏರಿ ನಿಂತಿತು. ಹರಾಜು ಸಂಸ್ಥೆಯ ಶುಲ್ಕವೂ ಸೇರಿ ಕೊಂಡವರು ತೆತ್ತದ್ದು ಸುಮಾರು 86 ಲಕ್ಷ ಯೂರೋ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 86 ಕೋಟಿ ರೂಪಾಯಿಗೆ ಹತ್ತಿರ.

ಆ ಚೀಲ ಒಂದು ಕಾಲಕ್ಕೆ ಜೇನ್ ಬರ್ಕಿನ್ ಅವರದು. ಇಂಗ್ಲೆಂಡಿನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ನೆಲೆಸಿ, ನಟಿಯಾಗಿ ಗಾಯಕಿಯಾಗಿ ಹೆಸರಾದ ಅವರು ಎಲ್ಲಿಗೆ ಹೋದರೂ ಒಂದು ಹೆಣೆದ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಹೋಗುತ್ತಿದ್ದರು. 1984ರಲ್ಲಿ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ಅವರ ಸಾಮಾನೆಲ್ಲ ಚೆಲ್ಲಿ ಬಿತ್ತು. ಪಕ್ಕದಲ್ಲಿ ಕುಳಿತಿದ್ದವರು ಎರ್ಮೆಸ್ ಕಂಪೆನಿಯ ಮುಖ್ಯಸ್ಥ ಜಾನ್-ಲೂಯಿ ಡ್ಯುಮಾ. ಮಕ್ಕಳೊಂದಿಗೆಯಾದ ತಾಯಿಗೆ ಬೇಕಾದ ಸಾಮಾನು ಹಿಡಿಸುವಂಥ ಒಳ್ಳೆಯ ಚೀಲವೇ ಸಿಗುವುದಿಲ್ಲವೆಂದು ಜೇನ್ ಹೇಳಿದರು. ವಿಮಾನದಲ್ಲಿ ವಾಂತಿಗೆಂದು ಇಟ್ಟಿರುವ ಕಾಗದದ ಚೀಲದ ಮೇಲೆಯೇ ಹೊಸ ಚೀಲದ ಚಿತ್ರ ಮೂಡಿತು. ಮರುವರ್ಷ ಕಂಪೆನಿ ಮೊದಲ ಚೀಲವನ್ನು ಮಾಡಿ ಅವರಿಗೆ ಕೊಟ್ಟಿತು. ಸುಮಾರು ಹತ್ತು ವರ್ಷ ಅದನ್ನು ನಿತ್ಯದ ಚೀಲವಾಗಿ ಬಳಸಿ, ತಮಗೆ ಪ್ರಿಯವಾದ ಸೇವಾ ಸಂಸ್ಥೆಗಳ ಸ್ಟಿಕ್ಕರು ಅಂಟಿಸಿ, 1994ರಲ್ಲಿ ಏಡ್ಸ್ ಪರಿಹಾರಕ್ಕಾಗಿ ನಡೆದ ಹರಾಜಿಗೆ ದಾನವಾಗಿ ಕೊಟ್ಟರು. 2000ದಲ್ಲಿ ಅದು ಮತ್ತೊಮ್ಮೆ ಕೈ ಬದಲಾಯಿಸಿತು. ಆಗ ಕೊಂಡ ಮಹಿಳೆ 25 ವರ್ಷ ಇಟ್ಟುಕೊಂಡಿದ್ದು ಈಗ ಮಾರಿದರು. ಅಷ್ಟರಲ್ಲಿ ಜೇನ್ ಬರ್ಕಿನ್ ತೀರಿಕೊಂಡು ಎರಡು ವರ್ಷವಾಗಿತ್ತು.

ಈ ಸುದ್ದಿ ಓದಿ ತಮ್ಮ ಕಪಾಟಿನ ಬಾಗಿಲು ತೆರೆದು ನೋಡಿದವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಿರಬೇಕು. ವ್ಯಾನಿಟಿ ಬ್ಯಾಗಿಗೆ ಕನ್ನಡದ ಹಾಸ್ಯಪ್ರಿಯರು 'ಜಂಬದ ಚೀಲ' ಎಂದು ಹೆಸರಿಟ್ಟು ಬಹಳ ಕಾಲವಾಯಿತು. ಲಕ್ಷಗಟ್ಟಲೆ ಬೆಲೆಯ ಜಂಬದ ಚೀಲಗಳು ಇಂದು ಬೆಂಗಳೂರಿನ ಮನೆಗಳಲ್ಲೂ ಇವೆ. ಕೆಲವು ವಿಠಲ ಮಲ್ಯ ರಸ್ತೆಯ ಯುಬಿ ಸಿಟಿಯಲ್ಲಿ ಕೊಂಡವು, ಕೆಲವು ದುಬೈ, ಸಿಂಗಪುರ, ಪ್ಯಾರಿಸ್ಸಿನಿಂದ ಬಂದವು. 'ಇದು ಖರ್ಚಲ್ಲ, ಹೂಡಿಕೆ' ಎಂಬ ಮಾತು ಕೊಳ್ಳುವಾಗ ಅಂಗಡಿಯಲ್ಲೂ ಕೇಳಿಬರುತ್ತದೆ, ಕೊಂಡು ತಂದ ಮೇಲೆ ಮನೆಯಲ್ಲೂ ಕೇಳಿಬರುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದು ಮಾರಲು ಹೊರಟ ದಿನ ತಿಳಿಯುತ್ತದೆ.

ಚಿನ್ನದ ಬಳೆಯೊಂದನ್ನು ಅಂಗಡಿಗೆ ಒಯ್ದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಅಂಗಡಿಯವನು ಒರೆಗಲ್ಲಿಗೆ ಉಜ್ಜುತ್ತಾನೆ, ತೂಗುತ್ತಾನೆ, ಕಲ್ಲಿದ್ದರೆ ಅದರ ತೂಕ ಕಳೆಯುತ್ತಾನೆ, ಆ ದಿನದ ದರ ಹೇಳುತ್ತಾನೆ. ಕೊಳ್ಳುವಾಗ ಕೊಟ್ಟ ಮಜೂರಿ ಹೋಯಿತು, ವೇಸ್ಟೇಜು ಹೋಯಿತು, ಚಿನ್ನ ಉಳಿಯಿತು. ಬಳೆಯ ವಿನ್ಯಾಸ ಹಳತಾಗಿರಲಿ, ರಸೀದಿ ಕಳೆದಿರಲಿ, ಕರಗಿಸಿದರೂ ಅದು ಚಿನ್ನವೇ. ಕೈಚೀಲದಲ್ಲಿ ಹೀಗೆ ಕರಗಿಸಿ ತೆಗೆಯುವಂಥದ್ದು ಏನೂ ಇಲ್ಲ. ಒಂದು ತುಂಡು ಹದ ಮಾಡಿದ ಕರುವಿನ ಚರ್ಮ, ನೂಲು, ಹಿತ್ತಾಳೆಯ ಮೇಲೆ ಚಿನ್ನದ ನೀರು ಕುಡಿಸಿದ ಬೀಗ. ಬಿಡಿಸಿ ಇಟ್ಟರೆ ಮೋಚಿಯ ಹತ್ತಿರವೂ ಬೆಲೆ ಹುಟ್ಟದು. ಬಳೆಯಲ್ಲಿ ನಾವು ಬಿಟ್ಟುಕೊಡುವ ಮಜೂರಿಯೇ ಚೀಲದಲ್ಲಿ ಪೂರ್ತಿ ಬಂಡವಾಳ. ಅದರ ಮೇಲೆ ಹೆಸರೊಂದು ಸೇರಿರುತ್ತದೆ. ಮಾರುವ ಹೊತ್ತು, ಮಾರುವ ಬಗೆ ಎಂಬ ಚರ್ಚೆಯೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತದೆ.

ಮಜೂರಿಯ ಮಾತು ಬಂದಾಗ ಎರ್ಮೆಸ್‌ನವರ ಕೆಲಸವನ್ನು ಹೇಳಲೇಬೇಕು. 1837ರಲ್ಲಿ ಪ್ಯಾರಿಸ್ಸಿನಲ್ಲಿ ಕುದುರೆಯ ಸರಂಜಾಮು ಹೊಲಿಯಲು ತೊಡಗಿದ ಮನೆತನ ಅದು. ಜೀನು ಹೊಲಿಯುವ ಪದ್ಧತಿಯಲ್ಲಿಯೇ ಇಂದಿಗೂ ಕೈಚೀಲ ಹೊಲಿಯುತ್ತಾರೆ. ಜೇನುಮೇಣ ಉಜ್ಜಿದ ಒಂದೇ ನಾರಗಸೆ ನೂಲು, ಅದರ ಎರಡೂ ತುದಿಗೆ ಒಂದೊಂದು ಸೂಜಿ; ಎರಡೂ ಸೂಜಿ ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟಬೇಕು. ಒಂದು ಹೊಲಿಗೆ ಹರಿದರೂ ಪಕ್ಕದ್ದು ಬಿಚ್ಚಿಕೊಳ್ಳುವುದಿಲ್ಲ. ಒಂದು ಚೀಲವನ್ನು ಮೊದಲಿಂದ ಕೊನೆಯವರೆಗೆ ಒಬ್ಬನೇ ಕುಶಲಕರ್ಮಿ ಮಾಡುತ್ತಾನೆ. ಹೊಲಿಗೆ ಯಂತ್ರಕ್ಕೆ ಈ ಹೊಲಿಗೆ ಸಾಧ್ಯವಿಲ್ಲ.

ಆದರೆ ಹೊಲಿಗೆಯೊಂದರಿಂದಲೇ ಬೆಲೆ ನಿಲ್ಲುವುದಿಲ್ಲ. ಬರ್ಕಿನ್ ಮತ್ತು ಕೆಲಿ ಎಂಬ ಎರಡು ಮಾದರಿಗಳನ್ನು ಕಂಪೆನಿ ಬೇಡಿಕೆಗಿಂತ ಕಡಿಮೆ ಮಾಡುತ್ತದೆ, ಕೇಳಿದವರಿಗೆಲ್ಲ ಕೊಡುವುದಿಲ್ಲ. (ಮೊನಾಕೋದ ರಾಣಿಯಾದ ಗ್ರೇಸ್ ಕೆಲಿ 1956ರಲ್ಲಿ ಚೀಲವನ್ನು ಹೊಟ್ಟೆಗೆ ಮರೆಯಾಗಿ ಹಿಡಿದ ಛಾಯಾಚಿತ್ರದಿಂದ ಎರಡನೆಯದಕ್ಕೆ ಆ ಹೆಸರು ಬಂತು.) ಸರತಿಯ ಪಟ್ಟಿ ವರ್ಷಗಟ್ಟಲೆ ಉದ್ದವಿದೆ ಎಂಬ ಪ್ರತೀತಿಯಿದ್ದ ಕಾಲದಲ್ಲಿ ಮೈಕೇಲ್ ಟೊನೆಲ್ಲೊ ಎಂಬ ಅಮೆರಿಕನ್ ಮರುಮಾರಾಟಗಾರ 2008ರಲ್ಲಿ ಒಂದು ಪುಸ್ತಕ ಬರೆದು ಗುಟ್ಟು ಬಿಚ್ಚಿದ. ಅಂಗಡಿಗೆ ಹೋಗಿ ಮೊದಲು ರೇಷ್ಮೆ ಸ್ಕಾರ್ಫು ಮುಂತಾದವನ್ನು ರಾಶಿ ಹಾಕಿಕೊಂಡರೆ ಬರ್ಕಿನ್ ಚೀಲ ಒಳಗಿನಿಂದ ತಾನಾಗಿ ಬರುತ್ತದೆ ಎಂಬುದು ಅವನ ಅನುಭವ. ಹೀಗೆ ಬೇರೆ ಸಾಮಾನು ಕೊಳ್ಳುವಂತೆ ಮಾಡುತ್ತಾರೆಂದು ಕ್ಯಾಲಿಫೋರ್ನಿಯಾದ ಗಿರಾಕಿಗಳು 2024ರಲ್ಲಿ ಕೋರ್ಟಿಗೂ ಹೋದರು. ದಾವೆ 2025ರಲ್ಲಿ ವಜಾ ಆಯಿತು.

ಅಂಗಡಿಯಲ್ಲಿ ಹಣವಿದ್ದರೂ ಸಿಗದ ವಸ್ತುವಿಗೆ ಹೊರಗೆ ಅಂಗಡಿಗಿಂತ ಹೆಚ್ಚಿನ ಬೆಲೆ ಹುಟ್ಟುವುದು ಸಹಜ. ಆದರೆ ಈ ಭಾಗ್ಯ ಬೆರಳೆಣಿಕೆಯ ಮಾದರಿಗಳದು. ಉಳಿದ ಚೀಲಗಳ ಕತೆ ಹೊಸ ಕಾರಿನ ಕತೆಯೇ. ಷೋರೂಮಿನ ಬಾಗಿಲು ದಾಟಿದ ಕ್ಷಣವೇ ಬೆಲೆಯ ಒಂದು ಪಾಲು ಹೋಗುತ್ತದೆ. ಲೂಯಿ ವಿಟಾನ್‌ನವರ ಅಕ್ಷರ ಮುದ್ರೆಯ ಕ್ಯಾನ್‌ವಾಸ್ ಚೀಲವನ್ನೇ ನೋಡಿ. 1896ರಲ್ಲಿ ನಕಲಿಗಳ ಕಾಟ ತಪ್ಪಿಸಲೆಂದೇ ಬಂದ ಆ ಮುದ್ರೆ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ಮುದ್ರೆಗಳಲ್ಲೊಂದು. ಅಸಲಿ ಚೀಲ ಬಾಳಿಕೆ ಬರುವುದು ನಿಜ, ಬೇಗ ಗಿರಾಕಿ ಸಿಗುವುದೂ ನಿಜ. ಆದರೆ ಹೊಸದೇ ಅಂಗಡಿಯಲ್ಲಿ ಸಿಗುತ್ತಿರುವಾಗ ಹಳೆಯದಕ್ಕೆ ಅಷ್ಟೇ ಹಣ ಕೊಡುವವರು ಯಾರು?

2016ರಲ್ಲಿ ಒಂದು ಲೆಕ್ಕ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಬರ್ಕಿನ್ ಚೀಲದ ಬೆಲೆ ವರ್ಷಕ್ಕೆ ಸರಾಸರಿ ಶೇ. 14.2ರಂತೆ ಏರಿದೆ, ಚಿನ್ನವೂ ಷೇರೂ ಅದರ ಮುಂದೆ ಸಪ್ಪೆ ಎಂಬುದು ಆ ಲೆಕ್ಕ. ಅದನ್ನು ಹೊರಡಿಸಿದವರು ಅಂಥ ಚೀಲಗಳನ್ನು ಮಾರುವ ವ್ಯಾಪಾರಿಗಳೇ. ಹಲಸಿನ ಹಣ್ಣು ಮಾರುವವನನ್ನು ಹಣ್ಣು ಸಿಹಿಯೇ ಎಂದು ಕೇಳಿದ ಹಾಗಾಯಿತು.

ಮೊದಲ ಬರ್ಕಿನ್ ಚೀಲವನ್ನು ಪ್ಯಾರಿಸ್ಸಿನಲ್ಲಿ ಕೊಂಡವರು ವ್ಯಾಲ್ಯುಯೆನ್ಸ್ ಎಂಬ ಜಪಾನಿನ ಸಂಸ್ಥೆಯವರು. ಜನರ ಹಳೆಯ ಚೀಲ, ಗಡಿಯಾರ, ಒಡವೆಗಳನ್ನು ಕೊಂಡು ಮಾರುವುದೇ ಆ ಸಂಸ್ಥೆಯ ಕಸುಬು. ಇದು ಆಕಸ್ಮಿಕವೇನಲ್ಲ. ಹಳೆಯ ಚೀಲದ ವ್ಯಾಪಾರವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಒಯ್ದ ದೇಶ ಜಪಾನು. ಲೂಯಿ ವಿಟಾನ್ ಅಲ್ಲಿ ಅಂಗಡಿ ತೆರೆದದ್ದು 1978ರಲ್ಲಿ. 1985ರ ಬಳಿಕ ಯೆನ್ ಬಲಗೊಂಡು, ಭೂಮಿ ಮತ್ತು ಷೇರಿನ ಬೆಲೆ ಗಗನಕ್ಕೇರಿದಾಗ ಜಪಾನೀಯರು ಯೂರೋಪಿನ ಚೀಲಗಳನ್ನು ಕೊಂಡ ವೇಗಕ್ಕೆ ಎಣೆಯಿರಲಿಲ್ಲ. ಆಫೀಸಿನ ಗುಮಾಸ್ತೆಯ ಕೈಯಲ್ಲೂ ಒಂದು ಇತ್ತು. 1990ರ ದಶಕದ ಆರಂಭದಲ್ಲಿ ಗುಳ್ಳೆ ಒಡೆಯಿತು. ಸಂಬಳ ನಿಂತಿತು, ಸಾಲ ಉಳಿಯಿತು. ಕಪಾಟಿನಲ್ಲಿದ್ದ ಚೀಲಗಳು ಒಂದೊಂದಾಗಿ 'ಷಿಚಿಯಾ' ಎಂಬ ಗಿರವಿ ಅಂಗಡಿಗೆ ನಡೆದವು.

ಷಿಚಿಯಾದಲ್ಲಿ ಒತ್ತೆಯಿಟ್ಟವರಿಗೆ ಕಾನೂನಿನ ಪ್ರಕಾರ ಕನಿಷ್ಠ ಮೂರು ತಿಂಗಳ ಅವಕಾಶ. ಬಡ್ಡಿ ಕಟ್ಟಿದರೆ ಗಡುವು ಮುಂದಕ್ಕೆ ಹೋಗುತ್ತದೆ. ಕಟ್ಟದಿದ್ದರೆ ವಸ್ತು ಅಂಗಡಿಯವನದು. ಹಾಗೆ ಕೈತಪ್ಪಿದ ವಸ್ತುವಿಗೆ ಅವರ ಮಾತಿನಲ್ಲಿ 'ಹರಿದುಹೋದದ್ದು' ಎಂಬ ಅರ್ಥದ ಹೆಸರಿದೆ. ಯಾರೂ ಮುಟ್ಟುಗೋಲು ಹಾಕಿಕೊಳ್ಳಲಿಲ್ಲ, ನೀರಿನಂತೆ ತಾನೇ ಹರಿದುಹೋಯಿತು ಎಂಬ ಭಾವ. ಹರಿದುಹೋದ ಚೀಲಗಳನ್ನು ಕೊಂಡು ಶುಚಿ ಮಾಡಿ ಮಾರುವ ದೊಡ್ಡ ಅಂಗಡಿಗಳು ಬೆಳೆದವು. 1947ರಲ್ಲಿ ನಗೋಯಾ ನಗರದಲ್ಲಿ ಹಳೆಬಟ್ಟೆ ಅಂಗಡಿಯಾಗಿ ಹುಟ್ಟಿದ ಕೊಮೆಹ್ಯೊ ಅವುಗಳಲ್ಲಿ ಹೆಸರುವಾಸಿ. ಕದ್ದ ಮಾಲು ಬರಬಾರದೆಂದು 1949ರಿಂದಲೂ ಅಲ್ಲಿ ಕಾನೂನಿದೆ. ಹಳೆಯ ವಸ್ತು ಕೊಳ್ಳುವ ವ್ಯಾಪಾರಿಗೆ ಪರವಾನಗಿ ಬೇಕು, ಮಾರುವವರು ತಾವು ಯಾರೆಂದು ರುಜುವಾತು ಕೊಡಬೇಕು.

ಅಲ್ಲಿನ ಅಂಗಡಿಯವರು ಚೀಲ ಪರೀಕ್ಷಿಸುವ ಕ್ರಮ ನೋಡಿದರೆ ಹೆಣ್ಣು ನೋಡಲು ಬಂದ ಬೀಗರ ನೆನಪಾಗುತ್ತದೆ. ಮೊದಲು ನಾಲ್ಕು ಮೂಲೆ. ಚೀಲ ನೆಲಕ್ಕೆ ತಗುಲಿ ಸವೆಯುವುದು ಅಲ್ಲೇ. ಆಮೇಲೆ ಹಿಡಿ, ಕೈಬೆವರು ಕುಡಿದು ಕಪ್ಪಾಗಿದೆಯೇ? ಬಕಲಿನ ಮೇಲಿನ ಗೀರು. ಒಳಗಿನ ಅಸ್ತರಿನಲ್ಲಿ ಪೆನ್ನಿನ ಶಾಯಿ, ಲಿಪ್‌ಸ್ಟಿಕ್ಕಿನ ಕಲೆ. ಕೊನೆಗೆ ಬಾಯಿ ತೆರೆದು ಮೂಸಿ ನೋಡುತ್ತಾರೆ. ಅತ್ತರು, ಸಿಗರೇಟು, ನುಸಿಗುಳಿಗೆ, ಯಾವ ವಾಸನೆಯಿದ್ದರೂ ದರ್ಜೆ ಒಂದು ಮೆಟ್ಟಿಲು ಇಳಿಯುತ್ತದೆ. ಎಸ್, ಎ, ಬಿ, ಸಿ ಎಂದು ದರ್ಜೆ ಬರೆದು, ಇಂಥ ಮೂಲೆಯಲ್ಲಿ ಇಷ್ಟು ಸವೆತ ಎಂದು ಚೀಟಿ ಹಚ್ಚಿ ಮಾರಾಟಕ್ಕಿಡುತ್ತಾರೆ. ಈ ಪ್ರಾಮಾಣಿಕತೆಯಿಂದಾಗಿ ಹೊರದೇಶಗಳ ವ್ಯಾಪಾರಿಗಳೂ ಜಪಾನಿಗೆ ಹೋಗಿ ಸಗಟಿನಲ್ಲಿ ಹಳೆಯ ಚೀಲ ಕೊಂಡು ತರುತ್ತಾರೆ. ಬರೀ ಹೆಸರು ಮತ್ತು ಮಜೂರಿಯಾದ ವಸ್ತುವಿಗೆ ಒರೆಗಲ್ಲು ಇಲ್ಲವಲ್ಲ! ಅಂಗಡಿಯವನ ಮಾತೇ ಒರೆಗಲ್ಲು.

ಇನ್ನು ಮಾರುವ ಹೊತ್ತಿನ ವಿಚಾರ. ಶನೆಲ್ ಕಂಪೆನಿಯ ಸರಪಳಿ ಹಿಡಿಯ ಚೀಲ 1955ರ ಫೆಬ್ರುವರಿಯಲ್ಲಿ ಹುಟ್ಟಿದ್ದು. ಅದರ ವಂಶದ ಮಧ್ಯಮ ಗಾತ್ರದ ಚೀಲಕ್ಕೆ ಅಮೆರಿಕದ ಅಂಗಡಿಯಲ್ಲಿ 2019ರ ಕೊನೆಗೆ 5,800 ಡಾಲರು ಇತ್ತು. 2024ರಲ್ಲಿ 10,800 ಡಾಲರು. ಅಂಗಡಿಯ ಬೆಲೆ ಏರಿದಾಗಲೆಲ್ಲ ಹೊಸದು ಎಟುಕದವರು ಹಳೆಯದರ ಕಡೆ ತಿರುಗುತ್ತಾರೆ. ಆದ್ದರಿಂದ ಕಂಪೆನಿ ಬೆಲೆ ಏರಿಸಿದ ನಂತರದ ವಾರಗಳು ಮಾರುವವರಿಗೆ ಅನುಕೂಲ. ಇದಕ್ಕೂ ಒಂದು ಮಿತಿಯುಂಟು. ಕೋವಿಡ್ ಕಾಲದಲ್ಲಿ ಪ್ರವಾಸವಿಲ್ಲದೆ ಉಳಿದ ಹಣ ಚೀಲಗಳ ಮೇಲೆ ಹರಿದು 2022ರ ಹೊತ್ತಿಗೆ ಮರುಮಾರಾಟದ ಬೆಲೆಗಳು ತುದಿ ಮುಟ್ಟಿದವು. ಆಮೇಲೆ ಬರ್ಕಿನ್ ಚೀಲಕ್ಕೂ ಹೊರಗೆ ಸಿಗುವ ಹೆಚ್ಚುವರಿ ಕರಗುತ್ತ ಬಂತು. ಇನ್ನೂ ಏರಲಿ ಎಂದು ಕಾದವರು ಕಾಯುತ್ತಲೇ ಉಳಿದರು.

ವಿನ್ಯಾಸಕಾರರು ಮನೆ ಬಿಟ್ಟಾಗಲೂ ಬೆಲೆ ಅಲುಗಾಡುತ್ತದೆ. ಫೀಬಿ ಫೈಲೊ ಎಂಬ ವಿನ್ಯಾಸಕಿ ಸೆಲೀನ್ ಕಂಪೆನಿ ಬಿಡುವ ಸುದ್ದಿ 2017ರ ಕೊನೆಗೆ ಹೊರಬಿತ್ತು. ಮರುವರ್ಷ ಹೊಸಬರು ಬಂದು ಕಂಪೆನಿಯ ಹೆಸರಿನ ಅಕ್ಷರದ ಮೇಲಿದ್ದ ಒತ್ತುಗೆರೆಯನ್ನೂ ತೆಗೆದುಹಾಕಿದರು. ಒತ್ತುಗೆರೆಯಿದ್ದ ಕಾಲದ ಚೀಲಗಳನ್ನು 'ಹಳೆಯ ಸೆಲೀನ್' ಎಂದು ಕರೆದು ಜನ ಹುಡುಕಿಕೊಂಡು ಹೋದರು. ಫ್ಯಾಷನ್ನಿನ ಚಕ್ರ ತಿರುಗಿ ಬರುವುದೂ ಉಂಟು. ಜಪಾನಿನ ಕಲಾವಿದ ತಕಾಷಿ ಮುರಕಾಮಿ ಲೂಯಿ ವಿಟಾನ್‌ಗಾಗಿ 2003ರಲ್ಲಿ ಮಾಡಿದ ಬಣ್ಣಬಣ್ಣದ ಅಕ್ಷರದ ಚೀಲ ಕೆಲಕಾಲ ಎಲ್ಲರ ಕೈಯಲ್ಲಿ ಮೆರೆಯಿತು, ಹಳಸಲಾಯಿತು, 2015ರಲ್ಲಿ ತಯಾರಿಕೆ ನಿಂತಿತು. ಅದನ್ನು ಚಿಕ್ಕಂದಿನಲ್ಲಿ ಆಸೆಯಿಂದ ನೋಡಿದ್ದ ಹುಡುಗಿಯರು ದುಡಿಯುವ ವಯಸ್ಸಿಗೆ ಬಂದಾಗ ಮತ್ತೆ ಕೇಳತೊಡಗಿದರು. 2025ರ ಜನವರಿಯಲ್ಲಿ ಕಂಪೆನಿಯೇ ಅದನ್ನು ಮರಳಿ ತಂದಿತು. ಹಳೆಯದನ್ನು ಇಟ್ಟುಕೊಂಡವರು ಮಾರಬೇಕಾದದ್ದು ಬೇಡಿಕೆ ಮರುಕಳಿಸಿ, ಹೊಸದು ಅಂಗಡಿಗೆ ಬರುವುದಕ್ಕೆ ಮುಂಚಿನ ಆ ಸಣ್ಣ ಕಿಂಡಿಯಲ್ಲಿ ಎಂದು ನನಗೆ ತೋರುತ್ತದೆ.

ವ್ಯಾಪಾರಿಗಳೂ ಈ ಲೆಕ್ಕದಲ್ಲಿ ಎಡವುತ್ತಾರೆ. ಹಾಂಗ್‌ಕಾಂಗ್‌ನಲ್ಲಿ 2001ರಲ್ಲಿ ಶುರುವಾದ ಮಿಲಾನ್ ಸ್ಟೇಷನ್ ಎಂಬ ಹಳೆಯ ಚೀಲದ ಅಂಗಡಿ 2011ರಲ್ಲಿ ಷೇರುಪೇಟೆಗೆ ಬಂದಾಗ ಸಾರ್ವಜನಿಕರಿಗೆಂದು ಇಟ್ಟ ಷೇರುಗಳಿಗೆ ಎರಡು ಸಾವಿರ ಪಟ್ಟಿಗೂ ಮಿಕ್ಕಿ ಅರ್ಜಿ ಬಿದ್ದವು. ಅದರ ದೊಡ್ಡ ಗಿರಾಕಿಗಳು ಚೀನಾದಿಂದ ಬರುವ ಪ್ರವಾಸಿಗಳು. 2012ರ ಕೊನೆಯಿಂದ ಚೀನಾ ಸರ್ಕಾರ ಲಂಚ ಮತ್ತು ದುಬಾರಿ ಉಡುಗೊರೆಗಳ ವಿರುದ್ಧ ಅಭಿಯಾನ ಹೂಡಿತು. ಮುಂದಿನ ವರ್ಷಗಳಲ್ಲಿ ಕಂಪೆನಿ ನಷ್ಟಕ್ಕಿಳಿದು ಅಂಗಡಿಗಳನ್ನು ಮುಚ್ಚಬೇಕಾಯಿತು. ಚೀಲಗಳು ಇದ್ದಂತೆಯೇ ಇದ್ದವು, ಅವುಗಳ ಚರ್ಮ ಹೊಲಿಗೆಗಳಲ್ಲಿ ಏನೂ ಕೆಟ್ಟಿರಲಿಲ್ಲ.

ಮಾರುವ ದಾರಿ ಮೂರು. ಅಂಗಡಿಯವನಿಗೆ ನೇರ ಕೊಟ್ಟರೆ ಅಂದೇ ಹಣ. ಆದರೆ ಅವನು ಮುಂದೆ ಮಾರುವ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕರೆ ಅದೇ ಲಾಭ. ಮಾರಿಕೊಡಿ ಎಂದು ಒಪ್ಪಿಸಿದರೆ ಹೆಚ್ಚು ಸಿಗುತ್ತದೆ, ಕಾಯಬೇಕು. ಕಮಿಷನ್ನು ನಾಲ್ಕರಲ್ಲಿ ಒಂದು ಪಾಲು, ಮೂರರಲ್ಲಿ ಒಂದು ಪಾಲು ಎಂದು ಹೋಗುತ್ತದೆ. ಪ್ಯಾರಿಸ್ಸಿನಲ್ಲಿ 2009ರಲ್ಲಿ ಹುಟ್ಟಿದ ವೆಸ್ತಿಯೇರ್ ಕಲೆಕ್ಟಿವ್, ಅಮೆರಿಕದಲ್ಲಿ 2011ರಲ್ಲಿ ಬಂದ ದಿ ರಿಯಲ್‌ರಿಯಲ್ ಈ ಕೆಲಸವನ್ನೇ ಇಂಟರ್‌ನೆಟ್ಟಿನಲ್ಲಿ ದೊಡ್ಡದಾಗಿ ಮಾಡುತ್ತಿವೆ. ಹರಾಜು ಮೂರನೆಯದು. ಅದು ಅಪರೂಪದ ವಸ್ತುವಿಗೆ ಮಾತ್ರ ಸರಿ. ಜೇನ್ ಬರ್ಕಿನ್ ಚೀಲದಲ್ಲಿಯೇ ಸವಾಲು ನಿಂತ ಮೊತ್ತಕ್ಕೂ ಕೊಂಡವರು ತೆತ್ತ ಮೊತ್ತಕ್ಕೂ ನಡುವೆ 15 ಲಕ್ಷ ಯೂರೋಗೂ ಮೀರಿದ ಅಂತರವಿತ್ತು ಎಂಬುದನ್ನು ಮರೆಯಬಾರದು.

ಯಾವ ದಾರಿಯಾದರೂ ಮೊದಲ ಪ್ರಶ್ನೆ ಅಸಲಿಯೇ ನಕಲಿಯೇ ಎಂಬುದು. ಕಂಪೆನಿಯ ಅಂಗಡಿಗೆ ಒಯ್ದು ಕೇಳಿದರೆ ಅವರು ಸಾಮಾನ್ಯವಾಗಿ ಪ್ರಮಾಣಪತ್ರ ಬರೆದುಕೊಡುವುದಿಲ್ಲ. ಶನೆಲ್ ಚೀಲದೊಳಗೆ 1980ರ ದಶಕದಿಂದ ಕ್ರಮಸಂಖ್ಯೆಯ ಚೀಟಿ ಇರುತ್ತಿತ್ತು. 2021ರಿಂದ ಅದರ ಜಾಗದಲ್ಲಿ ಸಣ್ಣ ಚಿಪ್ ಇದೆ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ಜ್ಯೂರಿಯು ಹಳೆಯ ಚೀಲದ ವ್ಯಾಪಾರಿಯೊಬ್ಬರ ವಿರುದ್ಧ ಶನೆಲ್‌ಗೆ 40 ಲಕ್ಷ ಡಾಲರು ಕೊಡಿಸಿತು. ಅಂದಿನಿಂದ ವ್ಯಾಪಾರಿಗಳು ಇನ್ನಷ್ಟು ಹುಷಾರಾಗಿರುವುದು ಆಶ್ಚರ್ಯವಲ್ಲ. ಆದ್ದರಿಂದ ಕೊಂಡಾಗಿನ ರಸೀದಿ, ಪೆಟ್ಟಿಗೆ, ಸುತ್ತಿಕೊಟ್ಟ ಬಟ್ಟೆಯ ಚೀಲ, ಬೀಗ, ಬೀಗದ ಕೈ ಇವನ್ನೆಲ್ಲ ಜೋಪಾನವಾಗಿ ಇಟ್ಟವರಿಗೆ ಬೆಲೆ ಹೆಚ್ಚು. ಮಾರುವ ಮುನ್ನ ಷೂ ಪಾಲಿಷ್ ಬಳಿದು ಮಿಂಚಿಸುವುದು, ಬೀದಿಯ ಅಂಗಡಿಯಲ್ಲಿ ಹಿಡಿ ಬದಲಾಯಿಸುವುದು ಕೆಡುಕು. ಗೀರು ಇರುವ ಅಸಲಿ ಹಿಡಿಗೆ ಇರುವ ಮರ್ಯಾದೆ ಹೊಸ ಹಿಡಿಗಿಲ್ಲ. ಮೊಸಳೆ ಅಥವಾ ಹೆಬ್ಬಾವಿನ ಚರ್ಮದ ಚೀಲವಾದರೆ ಬೇರೊಂದು ತೊಡಕಿದೆ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅವು ಒಳಪಟ್ಟಿರುವುದರಿಂದ ಪರವಾನಗಿಯಿಲ್ಲದೆ ಗಡಿಯಾಚೆಯ ಗಿರಾಕಿಗೆ ಕಳಿಸುವಂತಿಲ್ಲ.

ನಮ್ಮಲ್ಲಿ ಗಿರಾಕಿಗಳು ಹೆಚ್ಚುತ್ತಿದ್ದರೂ ಟೋಕಿಯೊ, ಹಾಂಗ್‌ಕಾಂಗ್‌ಗಳ ಸಂತೆ ಇಲ್ಲಿಲ್ಲ. ಅಲ್ಲಿ ಚೀಲವನ್ನು ಒತ್ತೆಯಿಟ್ಟು ಸಾಲ ಪಡೆಯಬಹುದು. ಕಷ್ಟ ಕಳೆದ ಮೇಲೆ ಬಿಡಿಸಿಕೊಳ್ಳಲೂಬಹುದು. ಇಲ್ಲಿ ಬ್ಯಾಂಕಿನವರು ಬಳೆ ತೂಗಿ ಸಾಲ ಕೊಡುತ್ತಾರೆ, ಚೀಲ ತೂಗುವುದಿಲ್ಲ. ಮಗಳ ಫೀಸಿಗೋ ಆಸ್ಪತ್ರೆಯ ಬಿಲ್ಲಿಗೋ ಇದೇ ವಾರ ಹಣ ಬೇಕೆಂದು ಚೀಲ ಹಿಡಿದು ಹೊರಟವರಿಗೆ ಹೊತ್ತು ಆರಿಸುವ ಸ್ವಾತಂತ್ರ್ಯ ಇರುವುದಿಲ್ಲ. ಅಂಗಡಿಯವನು ಹೇಳಿದ್ದೇ ಬೆಲೆ. ಆಪತ್ಕಾಲಕ್ಕೆಂದು ಕೊಳ್ಳುವುದಾದರೆ ಅಜ್ಜಿಯ ಲೆಕ್ಕವೇ ಸರಿ, ಬಳೆಯೇ ಲೇಸು. ಮಾರಲೇಬೇಕೆಂಬ ಒತ್ತಡ ಇಲ್ಲದಿರುವಾಗ, ಬಳಸುವುದು ನಿಂತುಹೋದ ಚೀಲವನ್ನು ಮಾರುವುದು ಜಾಣತನ. ಇಟ್ಟಷ್ಟೂ ಬೆಲೆ ಬರುತ್ತದೆ ಎಂದು ಅದನ್ನು ಗೋಡ್ರೇಜ್ ಬೀರುವಿನಲ್ಲಿ ಬೀಗ ಹಾಕಿಟ್ಟವರು ಹವೆಯನ್ನು ಮರೆತಿರುತ್ತಾರೆ. 1980-90ರ ದಶಕದ ಎಷ್ಟೋ ಲೂಯಿ ವಿಟಾನ್ ಚೀಲಗಳ ಒಳಜೇಬಿನ ಕೃತಕ ಅಸ್ತರು ಜಪಾನಿನ ತೇವದ ಬೇಸಗೆಯಲ್ಲಿ ಕರಗಿ ಬೆಲ್ಲದ ಪಾಕದಂತೆ ಅಂಟಂಟಾಗಿದೆ. ಹೊರಗೆ ಹೊಸತರಂತೆ ಕಂಡರೂ ಅಂಗಡಿಯವರು ಅದನ್ನು ತಳದ ದರ್ಜೆಗೆ ಹಾಕುತ್ತಾರೆ. ಮಲೆನಾಡು, ಕರಾವಳಿಯ ಮಳೆಗಾಲ ಜಪಾನಿನದಕ್ಕಿಂತ ಕಡಿಮೆಯದೇನಲ್ಲ. ಜೂನ್ ಹಿಡಿಯುವ ಮುಂಚೆ ಒಮ್ಮೆ ಚೀಲವನ್ನು ಹೊರತೆಗೆದು ಗಾಳಿಯಲ್ಲಿಟ್ಟು, ಒಳಜೇಬಿಗೆ ಬೆರಳು ತಾಗಿಸಿ ನೋಡಿ. ಬೆರಳು ಅಂಟದಿದ್ದರೆ ಇನ್ನೂ ಸಮಯವಿದೆ.